ತಿರುಗಿಸಿ, ತಡವಾದರೂ ಸರಿ

2023ರ ಮೇ 21, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲಿ ಬಿರುಗಾಳಿಯೊಂದಿಗೆ ಆಲಿಕಲ್ಲು ಮಳೆ ಸುರಿಯಿತು. ವಿಧಾನಸೌಧದ ಹತ್ತಿರದಲ್ಲೇ ಇರುವ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿಕೊಂಡಿತು. ಊರು ನೋಡಲು ಬಂದಿದ್ದ ಆಂಧ್ರಪ್ರದೇಶದ ಕುಟುಂಬವೊಂದು ಕುಳಿತಿದ್ದ ಬಾಡಿಗೆ ಕಾರು ಆ ನೀರಿಗೆ ಇಳಿಯಿತು, ನಡುವೆ ನಿಂತುಹೋಯಿತು. ಉಳಿದವರನ್ನು ಹೊರಗೆಳೆದು ಬದುಕಿಸಿದರು. ಇದೇ ನಗರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ, ಇಪ್ಪತ್ತರ ಹರೆಯದ ಮನೆಮಗಳು ಉಳಿಯಲಿಲ್ಲ. ಹಿಂದಿನ ದಿನವಷ್ಟೇ ಪ್ರಮಾಣವಚನ ಸ್ವೀಕರಿಸಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯ ಆಸ್ಪತ್ರೆಗೆ ಬಂದರು. ಅಂಡರ್‌ಪಾಸ್ ಬಳಿಯಿದ್ದ ಬ್ಯಾರಿಕೇಡ್ ಮಳೆಗೆ ಬಿದ್ದುಹೋಗಿತ್ತು, ಚಾಲಕ ಆ ನೀರಿಗೆ ಇಳಿಯಬಾರದಿತ್ತು ಎಂದರು.

ಅದು ಹೊಳೆಯಲ್ಲ, ಕೆರೆಯಲ್ಲ, ರಾಜಧಾನಿಯ ನಟ್ಟನಡುವಿನ ರಸ್ತೆ. ಈಜು ಬರದವರೂ ದಿನಾ ಓಡಾಡುವ ಜಾಗ. ನಮ್ಮ ರಸ್ತೆಗಳಲ್ಲಿ ನೀರು ನಿಲ್ಲುವುದು ಏಕೆ, ಯಾರ ತಪ್ಪಿಗೆ ಎಂಬ ಜಗಳ ಪ್ರತಿ ಮಳೆಗಾಲವೂ ನಡೆಯುತ್ತದೆ, ನಡೆಯಲೇಬೇಕು. ಆದರೆ ನೀರು ನಿಂತ ರಸ್ತೆಯ ಅಂಚಿಗೆ ಬಂದ ಗಾಡಿ ಇಳಿಯಬೇಕೋ ತಿರುಗಬೇಕೋ ಎಂಬುದು ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಆ ಕ್ಷಣಕ್ಕೆ ಬೇಕಾದ ತಿಳಿವಳಿಕೆ ನಮಗೆ ಡ್ರೈವಿಂಗ್ ಶಾಲೆಯಲ್ಲಿ ಸಿಗುವುದು ಅಪರೂಪ. ಸ್ಟೀರಿಂಗ್ ಹಿಡಿದವರಿಗೆ ಬೇಕಾದಷ್ಟೇ ಅದು ಹಿಂದೆ ಕುಳಿತವರಿಗೂ ಬೇಕು ಎಂಬುದು ಈ ಬರಹದ ಮುಖ್ಯ ಮಾತು.

ಕಾರು ತೇಲುವುದು ಯಾವಾಗ?

ಕಾರು ಭಾರವಾದ ವಸ್ತು, ನೀರಿನಲ್ಲಿ ಗಟ್ಟಿಯಾಗಿ ನೆಲ ಹಿಡಿದು ನಿಲ್ಲುತ್ತದೆ ಎಂದು ನಾವು ನಂಬಿದ್ದೇವೆ. ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ತೂಕ ಸುಮಾರು ಒಂದು ಟನ್. ಅದರ ತಳದ ವಿಸ್ತಾರ, ಚಕ್ರದ ಜಾಗ ಕಳೆದರೂ, ಐದು ಚದರ ಮೀಟರಿನಷ್ಟಿರುತ್ತದೆ. ಬಾಗಿಲು ಮುಚ್ಚಿದ ಕಾರಿನ ತಳದಿಂದ ಮೇಲಕ್ಕೆ ನೀರು 10 ಸೆಂಟಿಮೀಟರ್ ಏರಿದರೆ 500 ಲೀಟರ್ ನೀರನ್ನು ಕಾರು ಪಕ್ಕಕ್ಕೆ ತಳ್ಳಿದ ಹಾಗಾಯಿತು. ತಳ್ಳಿದ ನೀರಿನ ತೂಕದಷ್ಟೇ ಬಲ ಕಾರನ್ನು ಮೇಲಕ್ಕೆ ಎತ್ತುತ್ತದೆ. ಅಂದರೆ ಅರ್ಧ ಟನ್. ಇನ್ನು 10 ಸೆಂಟಿಮೀಟರ್ ಏರಿದರೆ ಪೂರ್ತಿ ಒಂದು ಟನ್. ನೆಲದಿಂದ ತಳಕ್ಕೆ ಇರುವ ಎತ್ತರ 17 ಸೆಂಟಿಮೀಟರ್ ಎಂದು ಸೇರಿಸಿಕೊಂಡರೂ, ನೀರು ನಿಮ್ಮ ಮೊಣಕಾಲು ಮುಟ್ಟುವ ಮೊದಲೇ ಸಣ್ಣ ಕಾರು ತೇಲಲು ಸಿದ್ಧ. ಪೂರ್ತಿ ತೇಲುವುದಕ್ಕೆ ಮುಂಚೆಯೇ, ಸುಮಾರು 30 ಸೆಂಟಿಮೀಟರ್ ಆಳದಲ್ಲಿ, ಚಕ್ರದ ಹಿಡಿತ ಸಡಿಲವಾಗಿರುತ್ತದೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ. ಎರಡು ಅಡಿ ನೀರು ಹರಿಯುತ್ತಿದ್ದರೆ ದೊಡ್ಡ ಎಸ್‌ಯುವಿಗಳೂ ಕೊಚ್ಚಿಹೋಗುತ್ತವೆ.

"ಅರ್ಧ ಚಕ್ರ ಮುಳುಗುವವರೆಗೂ ತೊಂದರೆಯಿಲ್ಲ" ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಸಣ್ಣ ಕಾರಿನ ಚಕ್ರದ ನಡುಭಾಗ ನೆಲದಿಂದ ಸುಮಾರು 29 ಸೆಂಟಿಮೀಟರ್ ಮೇಲಿರುತ್ತದೆ. ಹಿಡಿತ ತಪ್ಪುವ ಆಳವೂ ಹೆಚ್ಚುಕಡಿಮೆ ಅದೇ. ಹಾಗಾಗಿ ಆ ಅಳತೆಯನ್ನು ಮರೆತುಬಿಡಿ. ಮುಂದೆ ಹೋಗುತ್ತಿರುವ ಅಂಥದೇ ಕಾರಿನ ಟೈರನ್ನು ನೋಡಿ. ಟೈರಿನ ರಬ್ಬರ್ ಭಾಗ ಮುಳುಗಿ ನೀರು ರಿಮ್ಮಿನ ಕೆಳಅಂಚನ್ನು ಮುಟ್ಟಿದರೆ ಆಳ ಆಗಲೇ ಸುಮಾರು 11 ಸೆಂಟಿಮೀಟರ್ ಆಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿ. ಮುಂದಿನ ಗಾಡಿ ದಾಟಿತು ಎಂಬ ಕಾರಣಕ್ಕೆ ನಿಮ್ಮದೂ ದಾಟುತ್ತದೆ ಎಂಬ ಖಾತರಿಯಿಲ್ಲ. ಬಸ್ಸು, ಲಾರಿ ಹೋದವೆಂದು ಕಾರಿನವರೂ ಬೈಕಿನವರೂ ಹಿಂಬಾಲಿಸುವುದಂತೂ ದೊಡ್ಡ ತಪ್ಪು.

ಅಂಡರ್‌ಪಾಸ್ ಇಷ್ಟು ಬೇಗ ತುಂಬುವುದು ಹೇಗೆ ಎಂದು ಕೇಳುವವರಿಗೂ ಲೆಕ್ಕವೇ ಉತ್ತರ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಐದು ಕೋಟಿ ಲೀಟರ್. ಕಾಂಕ್ರೀಟು, ಡಾಂಬರು ಅದನ್ನು ಕುಡಿಯುವುದಿಲ್ಲ. ಮೋರಿಯಲ್ಲಿ ಕಸ ಕಟ್ಟಿದ್ದರೆ, ರಾಜಕಾಲುವೆ ಒತ್ತುವರಿಯಾಗಿದ್ದರೆ ಆ ನೀರೆಲ್ಲ ತಗ್ಗನ್ನು ಹುಡುಕುತ್ತದೆ. ರಸ್ತೆಯಲ್ಲಿ ಅಂಡರ್‌ಪಾಸಿಗಿಂತ ತಗ್ಗಾದ ಜಾಗ ಇನ್ನೊಂದಿಲ್ಲ. ನೀವು ಸಿಗ್ನಲ್ಲಿನಲ್ಲಿ ಕಾಯುವಾಗ ಕಣಕಾಲುದ್ದವಿದ್ದ ನೀರು, ನೀವು ಒಳಗಿಳಿದು ಮುಂದಿನ ಗಾಡಿಯ ಹಿಂದೆ ಸಿಕ್ಕಿಕೊಳ್ಳುವಷ್ಟರಲ್ಲಿ ಸೊಂಟದವರೆಗೆ ಬಂದಿರಬಹುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾಗಿ, ಅಂಡರ್‌ಪಾಸ್‌ನಲ್ಲಿ ಬಸ್ಸೇ ಮುಳುಗಿ ನಿಂತ ದೃಶ್ಯವನ್ನು ನಾಡು ಕಂಡಿದೆ. ಅದಾದ ಕೆಲವೇ ದಿನಕ್ಕೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು.

ಹರಿಯುವ ನೀರಿನ ಮಾತೇ ಬೇರೆ

ನಿಂತ ನೀರಿಗೆ ಆಳವೊಂದೇ ಅಪಾಯ. ಹರಿಯುವ ನೀರಿಗೆ ಸೆಳವೂ ಇದೆ. ನೀರಿನ ವೇಗ ಎರಡರಷ್ಟಾದರೆ ಅದು ಗಾಡಿಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಬಲ ಒಂಬತ್ತರಷ್ಟು. ಜೋರಾಗಿ ಹರಿಯುವ ಅರ್ಧ ಅಡಿ ನೀರು ದೊಡ್ಡವರನ್ನೂ ಕಾಲು ತಪ್ಪಿಸಿ ಬೀಳಿಸಬಲ್ಲದು. ಬೈಕಿನ ಎರಡು ಚಕ್ರ ಅದಕ್ಕೆ ಏನೂ ಅಲ್ಲ.

ಇದು ಹಳ್ಳಿಗಾಡಿನವರಿಗೆ ಪ್ರತಿವರ್ಷದ ಪಾಡು. ಚಿಕ್ಕೋಡಿ ಭಾಗದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮೇಲಿನ ಕೆಳಮಟ್ಟದ ಸೇತುವೆಗಳು, ಕಲ್ಲೋಳ–ಯಡೂರು ಸೇತುವೆಯೂ ಸೇರಿದಂತೆ, ಮಳೆಗಾಲದಲ್ಲಿ ಮುಳುಗುತ್ತವೆ. ಗೋಕಾಕ ಬಳಿಯ ಲೋಳಸೂರ ಸೇತುವೆಯ ಮೇಲೆ ಘಟಪ್ರಭೆ ಹರಿಯುತ್ತದೆ. ಕಳಸದಿಂದ ಹೊರನಾಡಿಗೆ ಹೋಗುವ ಹಾದಿಯ ಹೆಬ್ಬಾಳೆ ಸೇತುವೆ ಭದ್ರೆಯ ಕೆಳಗೆ ಅಡಗುತ್ತದೆ. ಭಾಗಮಂಡಲದ ರಸ್ತೆಗಳಿಗೆ ಕಾವೇರಿ ಏರಿ ಬರುತ್ತಾಳೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟರೆ ಮೈಸೂರು–ನಂಜನಗೂಡು ರಸ್ತೆ ಮಲ್ಲನಮೂಲೆ ಮಠದ ಬಳಿ ಬಂದ್ ಆಗುತ್ತದೆ, 2019ರಲ್ಲಿ ಆದ ಹಾಗೆ.

ಈ ಸೇತುವೆಗಳಲ್ಲಿ ಮೂರು ಅಪಾಯಗಳು ಕಣ್ಣಿಗೆ ಬೀಳುವುದಿಲ್ಲ. ಒಂದು, ನಮ್ಮೂರಿನಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಚಿಕ್ಕೋಡಿಯಲ್ಲಿ ಹನಿ ಬೀಳದ ದಿನವೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ, ಅಲ್ಲಿನ ಜಲಾಶಯಗಳಿಂದ ಬಿಟ್ಟ ನೀರು ಕೃಷ್ಣೆಯನ್ನು ತುಂಬಿಸುತ್ತದೆ. ಎರಡು, ಇಂಥ ಹಲವು ಸೇತುವೆಗಳಿಗೆ ಎತ್ತರದ ತಡೆಗೋಡೆ ಇರುವುದಿಲ್ಲ. ಮರದ ದಿಮ್ಮಿ, ಕಸಕಡ್ಡಿ ಸಿಕ್ಕಿಕೊಂಡು ನೀರು ಕಟ್ಟಿ ನಿಲ್ಲದಿರಲೆಂದು ಹಾಗೆ ಕಟ್ಟಿರುತ್ತಾರೆ. ಕೆಂಪು ನೀರು ಮುಚ್ಚಿದ ಮೇಲೆ ಸೇತುವೆಯ ಅಂಚು ಎಲ್ಲಿದೆ ಎಂಬುದು ದಿನಾ ಓಡಾಡುವವರಿಗೂ ಗೊತ್ತಾಗುವುದಿಲ್ಲ. ಮೂರು, ಕೆಳಗೆ ಸೇತುವೆಯೇ ಉಳಿದಿದೆಯೋ ಇಲ್ಲವೋ ಹೇಳಲಾಗದು. ಪ್ರವಾಹ ಡಾಂಬರನ್ನು ಕಿತ್ತು, ಸೇತುವೆ ರಸ್ತೆಗೆ ಸೇರುವಲ್ಲಿನ ಮಣ್ಣನ್ನು ಕೊರೆದು ಒಯ್ದಿರಬಹುದು. ನೀರು ಇಳಿದ ಮೇಲೂ ಲೋಕೋಪಯೋಗಿ ಇಲಾಖೆಯವರು ಪರೀಕ್ಷಿಸಿ ಬಿಡುವವರೆಗೆ ಕಾಯಬೇಕಾದದ್ದು ಇದಕ್ಕೇ. ಹಾಗಾಗಿ ಹರಿಯುವ ನೀರಿನ ವಿಷಯದಲ್ಲಿ ನಿಯಮ ಒಂದೇ: ಆಳ ಎಷ್ಟೇ ಇರಲಿ, ಇಳಿಯಬಾರದು.

ಕಾನೂನು ಎಲ್ಲಿ ನಿಲ್ಲುತ್ತದೆ?

"ನನ್ನ ಗಾಡಿ, ನನ್ನ ಜೀವ, ನಿಮಗೇನು?" ಎಂದು ಬ್ಯಾರಿಕೇಡ್ ಸರಿಸಿ ಹೋಗುವವರನ್ನು ಕಾಣುತ್ತೇವೆ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಡಿ, ಸಾರ್ವಜನಿಕರ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ಥಿತಿಯನ್ನು ನೋಡಿ ವಾಹನ ಸಂಚಾರ ನಿಷೇಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಇದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾಗಬೇಕೆಂದೂ ಇಲ್ಲ, ಸ್ಥಳೀಯವಾಗಿ ತಿಳಿಸಿದರೆ ಸಾಕು. ಸಂಚಾರ ಚಿಹ್ನೆಗಳನ್ನು ಪಾಲಿಸುವುದು 119ನೇ ಕಲಮಿನ ಪ್ರಕಾರ ಚಾಲಕರ ಕರ್ತವ್ಯ. ಅಧಿಕಾರವುಳ್ಳವರ ಆದೇಶವನ್ನು ಬೇಕೆಂದೇ ಮೀರಿದರೆ 179ನೇ ಕಲಮಿನಡಿ 2000 ರೂಪಾಯಿವರೆಗೆ ದಂಡ.

ಬ್ಯಾರಿಕೇಡ್ ಇಲ್ಲದಿದ್ದರೆ? ಇಲ್ಲಿಯೇ 184ನೇ ಕಲಮು ಬರುತ್ತದೆ. ಅಪಾಯಕಾರಿ ಚಾಲನೆಗೆ ವೇಗವೊಂದೇ ಅಳತೆಯಲ್ಲ, ಆ ಜಾಗದ ಸ್ವರೂಪ, ಸ್ಥಿತಿ ಎಲ್ಲವನ್ನೂ ಗಮನಿಸಬೇಕು ಎನ್ನುತ್ತದೆ ಅದು. 2019ರ ತಿದ್ದುಪಡಿ ಇನ್ನೂ ಒಂದು ಮಾತು ಸೇರಿಸಿತು. ಸಮರ್ಥ, ಎಚ್ಚರದ ಚಾಲಕನಿಗೆ ಅಪಾಯವೆಂದು ಎದ್ದು ಕಾಣುವಂಥ ರೀತಿಯಲ್ಲಿ ಗಾಡಿ ಓಡಿಸಿದರೆ ಅದೂ ಅಪರಾಧ. ತುಂಬಿದ ಅಂಡರ್‌ಪಾಸಿಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಇಳಿಯುವುದು ಈ ವರ್ಣನೆಗೆ ಎಷ್ಟು ಹತ್ತಿರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000ದಿಂದ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಡಿಯಲ್ಲಿ ಕುಳಿತವರಿಗೆ, ರಸ್ತೆಯಲ್ಲಿರುವವರಿಗೆ, ರಸ್ತೆಬದಿಯವರಿಗೆ ಗಾಬರಿ, ಸಂಕಟ ಉಂಟುಮಾಡುವ ಚಾಲನೆಯೂ ಈ ಕಲಮಿನ ವ್ಯಾಪ್ತಿಗೇ ಸೇರಿದೆ. ನಿಂತ ನೀರಿನಲ್ಲಿ ಜೋರಾಗಿ ನುಗ್ಗಿ ಅಲೆ ಎಬ್ಬಿಸುವವರು ಇದನ್ನು ನೆನಪಿಡಬೇಕು. ಆ ಅಲೆ ಪಕ್ಕದ ಸ್ಕೂಟರನ್ನು ಕೆಡವುತ್ತದೆ, ಅಂಗಡಿಯ ಹೊಸ್ತಿಲು ದಾಟುತ್ತದೆ.

ಚಾಲಕನ ನಿರ್ಲಕ್ಷ್ಯದಿಂದ ಯಾರದಾದರೂ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಆಗಬಹುದು. ವಿಪತ್ತಿನ ಹೊತ್ತಿನಲ್ಲಿ ಜಿಲ್ಲಾಡಳಿತ ಕೊಟ್ಟ ನಿರ್ದೇಶನವನ್ನು ಸರಿಯಾದ ಕಾರಣವಿಲ್ಲದೆ ಪಾಲಿಸದವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಕಲಮು ಒಂದು ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

ನೀರು ಕಂಡ ಕೂಡಲೇ ಫುಟ್‌ಪಾತ್ ಹತ್ತುವುದು, ಡಿವೈಡರ್ ದಾಟಿ ಎದುರು ದಿಕ್ಕಿಗೆ ನುಗ್ಗುವುದು ಕೂಡ ಕಾನೂನು ಒಪ್ಪುವ ದಾರಿಯಲ್ಲ. ಹಜಾರ್ಡ್ ಲೈಟ್ ಹಾಕಿ, ಹಿಂದಿನವರಿಗೆ ಕೈಸನ್ನೆ ಮಾಡಿ, ನಿಧಾನಕ್ಕೆ ರಿವರ್ಸ್ ತೆಗೆದುಕೊಳ್ಳಿ. ಪೊಲೀಸರಿದ್ದರೆ ಅವರು ತೋರಿಸಿದ ಕಡೆ ತಿರುಗಿಸಿ. ಇಳಿಜಾರು ಶುರುವಾಗುವ ಮುನ್ನವೇ ನಿಂತರೆ ಇದು ಸುಲಭ. ಅರ್ಧ ಇಳಿದ ಮೇಲೆ ಹಿಂದೆ ಗಾಡಿಗಳ ಸಾಲು ಬೆಳೆದಿರುತ್ತದೆ.

ದಾಟಲೇಬೇಕಾಗಿ ಬಂದರೆ

ತೆಳುವಾಗಿ ನಿಂತ ನೀರು, ಆಳ ಕಣ್ಣಿಗೆ ಕಾಣುತ್ತಿದೆ, ಬೇರೆ ದಾರಿ ಇಲ್ಲ. ಆಗ ಸಾಲುಗಟ್ಟಿ ಹೋಗಬೇಡಿ. ಮುಂದಿನ ಗಾಡಿ ಪೂರ್ತಿ ದಾಟಿದ ಮೇಲೆ ನೀವು ಇಳಿಯಿರಿ. ರಸ್ತೆ ಸಾಮಾನ್ಯವಾಗಿ ನಡುವೆ ಉಬ್ಬಿರುತ್ತದೆ, ಚರಂಡಿ, ಗುಂಡಿ ಅಂಚಿನಲ್ಲಿರುತ್ತವೆ, ಆದ್ದರಿಂದ ನಡುಭಾಗ ಹಿಡಿಯಿರಿ. ಫಸ್ಟ್ ಗೇರಿನಲ್ಲೇ ಇರಿ. ಆಕ್ಸಿಲರೇಟರ್ ಒಂದೇ ಸಮ ಇರಲಿ, ನಡುವೆ ಗೇರ್ ಬದಲಿಸಬೇಡಿ, ನಿಲ್ಲಿಸಬೇಡಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡಿ. ಒದ್ದೆಯಾದ ಬ್ರೇಕ್ ಒಣಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ.

ಬೈಕು, ಸ್ಕೂಟರಿನವರು ಮುಚ್ಚಳ ಕಿತ್ತುಹೋದ ಮ್ಯಾನ್‌ಹೋಲಿನ ಅಪಾಯವನ್ನು ಮರೆಯಬಾರದು. ನೀರು ಒಂದೇ ಕಡೆ ಸುಳಿ ತಿರುಗುತ್ತಿದ್ದರೆ ಅಲ್ಲಿ ಕೆಳಗೆ ಬಾಯಿ ತೆರೆದಿದೆ ಎಂದೇ ತಿಳಿಯಿರಿ. ಬೀದಿದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆಗಳಿಂದ ದೂರವಿರಿ. ತಂತಿ ನೀರಿಗೆ ಬಿದ್ದಿದ್ದರೆ ಇಳಿಯಲೇಬೇಡಿ, 1912ಕ್ಕೆ ಫೋನ್ ಮಾಡಿ.

ಎಂಜಿನ್ ನೀರಿನ ನಡುವೆ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ, ಗಾಳಿಯ ಹಾಗೆ ಅದನ್ನು ಅಮುಕಲಾಗದು. ಪಿಸ್ಟನ್ ಮೇಲೇರುವಾಗ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬ್ಲಾಕೇ ಒಡೆಯಬಹುದು. ಇನ್ಶೂರೆನ್ಸ್ ತಕರಾರು ಹುಟ್ಟುವುದೂ ಇಲ್ಲಿಯೇ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಗಾಡಿಗೆ ಆದ ನಷ್ಟಕ್ಕೆ ಏನೂ ಸಿಗದು. ಸ್ವಂತ ಹಾನಿಯ ವಿಮೆ ಇದ್ದರೆ ಪ್ರವಾಹದ ನಷ್ಟ ಅದರಲ್ಲಿ ಸೇರಿರುತ್ತದೆ. ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡಿದ್ದಕ್ಕೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ, ಕಂಪನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪಾಲಿಸಿಯ ಷರತ್ತುಗಳನ್ನೊಮ್ಮೆ ಓದಿಕೊಳ್ಳಿ. ಎಲೆಕ್ಟ್ರಿಕ್ ಗಾಡಿಗೆ ನೀರು ಎಳೆಯುವ ಎಂಜಿನ್ ಇಲ್ಲ, ನಿಜ. ಆದರೆ ಅದೂ ತೇಲುತ್ತದೆ. ಮುಳುಗಿದ ಎಲೆಕ್ಟ್ರಿಕ್ ಗಾಡಿಯನ್ನು ಪರೀಕ್ಷೆ ಮಾಡಿಸದೆ ಚಾರ್ಜಿಗೆ ಹಾಕಬೇಡಿ.

ಸಿಕ್ಕಿಕೊಂಡಾಗ

ಗಾಡಿ ನಿಂತು ನೀರು ಏರುತ್ತಿದ್ದರೆ ಯಾರಾದರೂ ಬಂದಾರೆಂದು ಒಳಗೇ ಕಾಯಬೇಡಿ. ಹೊರಗಿನ ನೀರು ಬಾಗಿಲಿನ ಮೇಲೆ 60 ಸೆಂಟಿಮೀಟರ್ ಏರಿದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು 180 ಕಿಲೋ ಭಾರದಷ್ಟು. ಆ ಬಾಗಿಲನ್ನು ಒಳಗಿನಿಂದ ನೂಕುವುದು ಬಹುಮಂದಿಗೆ ಆಗದ ಕೆಲಸ. ಅದಕ್ಕೇ ಹೊರಬರುವ ದಾರಿ ಕಿಟಕಿ. ಪವರ್ ವಿಂಡೋ ನೀರಿನಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಆ ಸ್ವಲ್ಪ ಹೊತ್ತನ್ನು ಫೋನ್ ಮಾಡುವುದರಲ್ಲಿ ಕಳೆಯಬೇಡಿ. ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ, ಗಾಡಿಯ ಮೇಲೆ ಹತ್ತಿ. ಅಲ್ಲಿಂದ 112ಕ್ಕೆ ಕರೆ ಮಾಡಿ. ಜಿಲ್ಲಾ ವಿಪತ್ತು ಸಹಾಯವಾಣಿ 1077.

ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಪದರ ಕೂಡಿಸಿದ್ದು, ಬಿರುಕು ಬಿಟ್ಟರೂ ಬಿಡಿಸಿಕೊಳ್ಳುವುದಿಲ್ಲ. ಪಕ್ಕದ ಗಾಜು ಬಹುತೇಕ ಗಾಡಿಗಳಲ್ಲಿ ಒಂದೇ ಪೆಟ್ಟಿಗೆ ಪುಡಿಯಾಗುವಂಥದ್ದು. ಗಾಜು ಒಡೆಯುವ ಸಣ್ಣ ಸುತ್ತಿಗೆ ಕೈಗೆಟಕುವಲ್ಲಿ ಇರಲಿ, ಡಿಕ್ಕಿಯಲ್ಲಿದ್ದರೆ ಉಪಯೋಗವಿಲ್ಲ. ಅದಿಲ್ಲದಿದ್ದರೆ ಸೀಟಿನ ಹೆಡ್‌ರೆಸ್ಟ್ ಕಿತ್ತು ಅದರ ಕಬ್ಬಿಣದ ಕಡ್ಡಿಯಿಂದ ಪ್ರಯತ್ನಿಸಿ.

ಹಿಂದಿನ ಸೀಟಿನ ಹೊಣೆ

ನೀರಿಗೆ ಇಳಿಯುವವರೆಲ್ಲ ಹುಂಬರೆಂದು ತಿಳಿಯುವುದು ಅನ್ಯಾಯ. ಕ್ಯಾಬ್ ಓಡಿಸುವವರಿಗೆ ಮುಂದಿನ ಬಾಡಿಗೆ ಕಾದಿರುತ್ತದೆ. ಊಟ ತಲುಪಿಸುವ ಹುಡುಗನ ಫೋನಿನಲ್ಲಿ ನಿಮಿಷಗಳು ಇಳಿಯುತ್ತಿರುತ್ತವೆ. ಶಾಲಾ ವ್ಯಾನಿನವರಿಗೆ ಪೋಷಕರ ಫೋನ್ ಮೇಲೆ ಫೋನ್. ಬಸ್ಸಿನವರಿಗೆ ಟ್ರಿಪ್ ತಪ್ಪುವ ಭಯ. ಸುತ್ತು ದಾರಿ ಹಿಡಿದರೆ ಡೀಸೆಲ್ ಯಾರು ಕೊಡುತ್ತಾರೆ ಎಂಬ ಲೆಕ್ಕ ಬೇರೆ. "ಏನಾಗಲ್ಲ ಅಣ್ಣಾ, ಹೋಗಿ, ಫ್ಲೈಟ್ ಮಿಸ್ ಆಗುತ್ತೆ" ಎಂಬ ಮಾತು ಹಿಂದಿನ ಸೀಟಿನಿಂದ ಬಂದರೆ ಅವರು ಇಳಿದುಬಿಡುತ್ತಾರೆ.

ಆ ಮಾತಿಗೂ ಕಾನೂನಿನಲ್ಲಿ ಬೆಲೆಯಿದೆ. ಮೋಟಾರು ವಾಹನ ಕಾಯ್ದೆಯ 188ನೇ ಕಲಮು, ಅಪಾಯಕಾರಿ ಚಾಲನೆಗೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎನ್ನುತ್ತದೆ. ಕಾಯ್ದೆಯ ಭಯಕ್ಕಿಂತ ದೊಡ್ಡದು ನಮ್ಮ ಮಾತಿಗಿರುವ ಬಲ. ಅವಸರ ಮಾಡಿ ನೀರಿಗೆ ಇಳಿಸಬಲ್ಲ ಪ್ರಯಾಣಿಕರು "ಬೇಡ ಅಣ್ಣಾ, ತಿರುಗಿಸಿ, ಸುತ್ತಿಕೊಂಡೇ ಹೋಗೋಣ, ಹೆಚ್ಚಾದ ದುಡ್ಡು ನಾನು ಕೊಡ್ತೀನಿ" ಎಂದು ಹಿಂದಕ್ಕೂ ತಿರುಗಿಸಬಲ್ಲರು. ಭಾರತೀಯ ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟ ದಿನ ತಡವಾಗಿ ಬಂದವರ ಸಂಬಳ ಕತ್ತರಿಸುವುದಿಲ್ಲ ಎಂದು ಕಚೇರಿಗಳು ಹೇಳಬಹುದು. ಮಳೆ ಸುರಿಯುವಾಗ ಸಮಯದ ಗಡುವನ್ನು ಡೆಲಿವರಿ ಕಂಪನಿಗಳು ತೆಗೆದುಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಸರ್ಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಗಾಳಿಗೆ ಬೀಳುವ ಬ್ಯಾರಿಕೇಡ್ ನೆಚ್ಚಿಕೊಂಡು ಜೀವ ಉಳಿಸಲಾಗದು. ಪ್ರತಿ ಅಂಡರ್‌ಪಾಸಿನ ಬಾಯಲ್ಲಿ ದೂರದಿಂದಲೇ ಓದಬಹುದಾದ ಆಳದ ಪಟ್ಟಿ, ನೀರು ಏರಿದ ಕೂಡಲೇ ತಾನಾಗಿ ಇಳಿಯುವ ಗೇಟು, ಮಳೆಗೆ ಮುನ್ನ ಚಾಲೂ ಮಾಡಿ ನೋಡಿದ ಪಂಪು ಇರಬೇಕು. ಮುಳುಗುವ ಸೇತುವೆಗಳ ಎರಡೂ ತುದಿಗೆ ರಾತ್ರಿಯೂ ಕಾವಲು ಬೇಕು. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಆದರೆ ಹೊಣೆಗಾರ ಸಂಸ್ಥೆಗೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಲ್ಲಿ ಅವಕಾಶವಿದೆ. ಅದನ್ನು ಬಳಸಬೇಕೆಂದು ಕೇಳುವುದು ನಾಗರಿಕರ ಹಕ್ಕು.

ಆದರೆ ಆ ಗೇಟು, ಆ ಪಂಪು ಬರುವವರೆಗೂ ಮಳೆ ಕಾಯುವುದಿಲ್ಲ. ಈ ವಾರವೇ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೊಂದಿಗೆ ಕುಳಿತು ಮಾತಾಡಿ. ರಿಮ್ ಮುಟ್ಟಿದ ನೀರಿಗೆ ಇಳಿಯುವುದಿಲ್ಲ, ಹರಿಯುವ ನೀರಿಗೆ ಎಂದೂ ಇಳಿಯುವುದಿಲ್ಲ, ಬ್ಯಾರಿಕೇಡ್ ಸರಿಸುವುದಿಲ್ಲ ಎಂದು ತೀರ್ಮಾನ ಮಾಡಿಕೊಳ್ಳಿ. ತಡವಾಗಿ ಬಂದವರನ್ನು "ಯಾಕೆ ತಡ?" ಎಂದು ಗದರಬೇಡಿ. ಹಿಂದೆ ತಿರುಗಿ ಬಂದ ಚಾಲಕನಿಗೆ ಅದಕ್ಕಾಗಿ ಒಂದು ಒಳ್ಳೆಯ ಮಾತು ಹೇಳಿ.